ನಿಂತ ರೆಕ್ಕೆಯ ಸಾಕ್ಷಿ

ಹಮ್ಮಿಂಗ್‌ಬರ್ಡಿನ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಕ್ಯಾಲೆಂಡರಿನಲ್ಲೋ, ಟಿವಿ ಅಂಗಡಿಯಲ್ಲಿ ಗೋಡೆಯುದ್ದ ಹೊಳೆಯುವ ಪರದೆಗಳ ಮೇಲೋ. ಕೆಂಪು ಹೂವಿನ ಮುಂದೆ ಗಾಳಿಯಲ್ಲಿ ನಿಂತ ಹಕ್ಕಿ. ರೆಕ್ಕೆಯ ಗರಿಗಳನ್ನು ಒಂದೊಂದಾಗಿ ಎಣಿಸಬಹುದು. ಕೊರಳಲ್ಲಿ ಕೆಂಡದ ಹೊಳಪು, ಬೆನ್ನಹಿಂದೆ ತಿಳಿಹಸಿರು ಮಬ್ಬು. ಕೆಳಗೆ ಸಣ್ಣಕ್ಷರದಲ್ಲಿ ಕೋಸ್ಟರಿಕಾದ್ದೋ ಈಕ್ವೆಡಾರಿನದೋ ಒಂದು ಕಾಡಿನ ಹೆಸರು.

ಇಂಥ ಚಿತ್ರಗಳಲ್ಲಿ ಬಹಳಷ್ಟನ್ನು ತೆಗೆಯುವ ಬಗೆ ಹೀಗಿದೆ. ಮೊದಲು ಸಕ್ಕರೆ ನೀರಿನ ಫೀಡರ್‌ಗಳನ್ನು ತೂಗುಹಾಕಿ ಹಕ್ಕಿಗಳಿಗೆ ಆ ಜಾಗದ ರೂಢಿ ಹಿಡಿಸಬೇಕು. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು. ಚಿತ್ರ ತೆಗೆಯುವ ದಿನ ಫೀಡರ್‌ಗಳನ್ನೆಲ್ಲ ತೆಗೆದು ಒಂದನ್ನು ಮಾತ್ರ ಉಳಿಸುತ್ತಾರೆ. ಆಮೇಲೆ ಅದನ್ನೂ ತೆಗೆದು, ಅದೇ ಜಾಗದಲ್ಲಿ ಕಡ್ಡಿಗೆ ಕಟ್ಟಿದ ಒಂದು ಹೂವನ್ನಿಟ್ಟು, ಸಿರಿಂಜಿನಿಂದ ಹೂವಿನೊಳಗೆ ಸಕ್ಕರೆ ನೀರು ಬಿಡುತ್ತಾರೆ. ಸುತ್ತ ನಾಲ್ಕೋ ಐದೋ ಫ್ಲಾಶ್‌ಗಳು, ಎಲ್ಲವೂ ತೀರಾ ಕಡಿಮೆ ಶಕ್ತಿಯಲ್ಲಿ. ಶಕ್ತಿ ಕಡಿಮೆಯಾದಷ್ಟೂ ಫ್ಲಾಶಿನ ಮಿಂಚು ಚಿಕ್ಕದಾಗುತ್ತದೆ. ಸೆಕೆಂಡಿನ 10,000ದಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು ಮಾಡಬಹುದು. ಸೆಕೆಂಡಿಗೆ 40–50 ಸಲ ಬಡಿಯುವ ರೆಕ್ಕೆ ಆ ಮಿಂಚಿನಲ್ಲಿ ನಿಂತಂತೆ ಕಾಣುತ್ತದೆ. ಕ್ಯಾಮೆರಾದ ಶಟರ್‌ನಿಂದ ಈ ಕೆಲಸ ಆಗುವುದಿಲ್ಲ. ಸೆಕೆಂಡಿನ ಸಾವಿರದಲ್ಲೊಂದು ಪಾಲು ತೆರೆದರೂ ರೆಕ್ಕೆಯ ತುದಿ ಮಸುಕಾಗುತ್ತದೆ. ಇನ್ನು ಆ ಹಿಂದಿನ ತಿಳಿಹಸಿರು ಮಬ್ಬು? ಅಷ್ಟು ಕ್ಷೀಣ ಬೆಳಕು ದೂರದ ಮರಗಳನ್ನು ಮುಟ್ಟುವುದಿಲ್ಲವಾದ್ದರಿಂದ ಹಕ್ಕಿಯ ಹಿಂದೆ ಎಲ್ಲವೂ ಕಪ್ಪಾಗುತ್ತದೆ. ಹಾಗಾಗದಿರಲೆಂದು ಹಸಿರು ಬಣ್ಣ ಮುದ್ರಿಸಿದ ಒಂದು ಹಲಗೆಯನ್ನು ಹಕ್ಕಿಯ ಹಿಂದೆ ನಿಲ್ಲಿಸಿರುತ್ತಾರೆ.

ಇದು ನನಗೆ ಗೊತ್ತಿರುವುದು ಹಾಗೆ ಚಿತ್ರ ತೆಗೆಯುವವರೊಬ್ಬರ ಹಿತ್ತಿಲಲ್ಲಿ ಫ್ಲಾಶ್‌ಗಳನ್ನು ಜೋಡಿಸಿಕೊಟ್ಟಿರುವುದರಿಂದ. ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್‌ನಲ್ಲಿ ನಾನು ದೃಗ್ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಹಮ್ಮಿಂಗ್‌ಬರ್ಡ್‌ಗಳು ಇರುವುದು ಉತ್ತರ, ದಕ್ಷಿಣ ಅಮೆರಿಕಗಳಲ್ಲಿ ಮಾತ್ರ. 360ಕ್ಕೂ ಹೆಚ್ಚು ಜಾತಿಗಳಲ್ಲಿ ಹೆಚ್ಚಿನವು ಉಷ್ಣವಲಯದವು. ಆದರೂ ಮೆಕ್ಸಿಕೋ ಗಡಿಗೆ ಅಂಟಿಕೊಂಡಿರುವ ಈ ಮರುಭೂಮಿಯ ಬೆಟ್ಟಸಾಲುಗಳಿಗೆ ಹತ್ತು–ಹದಿನೈದು ಜಾತಿಗಳು ಬರುತ್ತವೆ. ನಾನು ಹೇಳುತ್ತಿರುವವರು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಇಲ್ಲಿ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ. ಐದು ಫ್ಲಾಶ್‌ಗಳನ್ನು ಯಾವ ಕೋನದಲ್ಲಿಟ್ಟರೆ ಗಂಡು ಹಕ್ಕಿಯ ಕೊರಳು ಪೂರ್ತಿ ಬೆಳಗುತ್ತದೆ ಎಂಬುದು ಅವರ ತಲೆನೋವಾಗಿತ್ತು, ಮತ್ತು ಅದು ಹೆಚ್ಚೂಕಡಿಮೆ ನನ್ನ ಸಂಶೋಧನೆಯ ವಿಷಯವೇ.

ಒಂದು ಆಗಸ್ಟಿನಲ್ಲಿ, ಇಲ್ಲಿಯ ಪುಟ್ಟ ಮಳೆಗಾಲದ ನಡುವೆ, ಮೇಷ್ಟ್ರು ತೆಗೆದ ಬ್ರಾಡ್-ಬಿಲ್ಡ್ ಹಮ್ಮಿಂಗ್‌ಬರ್ಡಿನ ಚಿತ್ರ ಅದ್ಭುತವಾಗಿ ಬಂತು. ಕೆಂಪು ಕೊಕ್ಕು, ನೀಲಿ ಕೊರಳು, ತೆರೆದ ಬೀಸಣಿಗೆಯಂತೆ ರೆಕ್ಕೆ. ಅದೇ ವಾರ ಸಾಗರದ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನ್ನ ಎಂ.ಎಸ್ಸಿ. ಗೆಳತಿ, ಮಕ್ಕಳ ಗೋಡೆಪತ್ರಿಕೆಗೆ ಒಂದು ಹಮ್ಮಿಂಗ್‌ಬರ್ಡ್ ಚಿತ್ರ ಕಳಿಸೆಂದು ಕೇಳಿದಳು. ನನ್ನ ಬಳಿ ಎರಡಿದ್ದವು. ಒಂದು, ಮೇಷ್ಟ್ರ ಅನುಮತಿ ಪಡೆದ ಈ ಚಿತ್ರ. ಇನ್ನೊಂದು ವಸಂತದಲ್ಲಿ ಬೆಟ್ಟದ ಬುಡದಲ್ಲಿ ನಾನೇ ತೆಗೆದದ್ದು: ಓಕೊಟಿಯೊ ಎಂಬ ಮುಳ್ಳುಗಿಡದ ತುದಿಯ ಕೆಂಪು ಹೂಗೊಂಚಲು, ಅದರ ಪಕ್ಕ ಆಕಾಶಕ್ಕೆ ಎದುರಾಗಿ ಒಂದು ಕಪ್ಪು ಚುಕ್ಕೆ, ಚುಕ್ಕೆಯ ಎರಡೂ ಬದಿ ಹೊಗೆಯಂಥದ್ದೇನೋ. ಹೊಗೆಯೇ ರೆಕ್ಕೆ. ಎರಡನ್ನೂ ಕಳಿಸಿದೆ, ಮೊದಲನೆಯದರ ಜೊತೆ ಹಲಗೆ, ಸಿರಿಂಜು, ಫ್ಲಾಶ್ ಎಲ್ಲವನ್ನೂ ವಿವರಿಸುವ ಒಂದು ಟಿಪ್ಪಣಿ ಇಟ್ಟೆ.

"ಇಷ್ಟು ಉದ್ದ ಬರೆದ್ರೆ ಮಕ್ಕಳು ಚಿತ್ರ ನೋಡೋದೇ ಬಿಡ್ತಾರೆ ಕಣೇ," ಅಂದಳು. ಮೊದಲ ಚಿತ್ರವನ್ನು ಅಂಟಿಸಿ, ಕೆಳಗೆ 'ಅಮೆರಿಕದ ಹಮ್ಮಿಂಗ್‌ಬರ್ಡ್' ಎಂದಷ್ಟೇ ಬರೆದಳು. ಎರಡನೆಯದನ್ನು ಬಳಸಲಿಲ್ಲ. ಅದರಲ್ಲಿ ಹಕ್ಕಿ ಎಲ್ಲಿದೆಯೆಂದು ಅವಳಿಗೇ ತಿಳಿಯಲಿಲ್ಲವಂತೆ.

ಇಲ್ಲಿಂದ ಶುರುವಾದದ್ದು ಈ ಬರಹದ ಪ್ರಶ್ನೆ. ಮೇಷ್ಟ್ರ ಚಿತ್ರದಲ್ಲಿ ಏನಾದರೂ ಸುಳ್ಳಿದೆಯೇ? ಇದ್ದರೆ ಎಲ್ಲಿದೆ?

ಮೊದಲ ಅನುಮಾನ ರೆಕ್ಕೆಯ ಮೇಲೆಯೇ ಬರುತ್ತದೆ. ಯಾವ ಮನುಷ್ಯನ ಕಣ್ಣೂ ಹಮ್ಮಿಂಗ್‌ಬರ್ಡಿನ ರೆಕ್ಕೆಯನ್ನು ಹಾಗೆ ಕಂಡಿಲ್ಲ, ಕಾಣಲಾರದು. ಯಾರೂ ಕಾಣದ್ದನ್ನು ತೋರಿಸುವ ಚಿತ್ರ ಸತ್ಯ ಹೇಗಾದೀತು? ಈ ಅನುಮಾನ ನನಗೆ ನಿಲ್ಲುವಂತೆ ಕಾಣುವುದಿಲ್ಲ. 1930ರ ದಶಕದಲ್ಲಿ ಎಂಐಟಿಯ ಹೆರಾಲ್ಡ್ ಎಡ್ಗರ್ಟನ್ ವಿದ್ಯುತ್ ಮಿಂಚುದೀಪದಿಂದ ಈ ಹಕ್ಕಿಗಳ ರೆಕ್ಕೆಯನ್ನು ಮೊದಲ ಸಾಲಿನಲ್ಲಿ ನಿಂತು 'ನಿಲ್ಲಿಸಿದ'ವರು. ಅವರ ಹಾದಿಯಲ್ಲೇ ಸಾಗಿದ ಕ್ರಾಫರ್ಡ್ ಗ್ರೀನ್‌ವಾಲ್ಟ್ ಡ್ಯುಪಾಂಟ್ ಕಂಪನಿಯ ಅಧ್ಯಕ್ಷರು. ದೊಡ್ಡ ಉದ್ಯಮ ನಡೆಸುವ ರಸಾಯನ ಎಂಜಿನಿಯರ್ ಬಿಡುವಿನಲ್ಲಿ ದಕ್ಷಿಣ ಅಮೆರಿಕ ಸುತ್ತಿ ತೆಗೆದ ಚಿತ್ರಗಳ ಪುಸ್ತಕ 1960ರಲ್ಲಿ ಬಂತು. ಇಂಥ ದಾರಿಯಲ್ಲಿ ಮುಂದುವರಿದೇ, ಹಮ್ಮಿಂಗ್‌ಬರ್ಡಿನ ರೆಕ್ಕೆ ಹಿಂದಕ್ಕೆ ಮೇಲೇಳುವಾಗಲೂ ಭಾರ ಹೊರುತ್ತದೆ ಎಂಬುದು ಖಚಿತವಾದದ್ದು. 2005ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ಕೆಳಬಡಿತ ಭಾರದ 75 ಪಾಲನ್ನು ಹೊತ್ತರೆ ಮೇಲ್ಬಡಿತ ಉಳಿದ 25 ಪಾಲನ್ನು ಹೊರುತ್ತದೆ. ಬೇರೆ ಹಕ್ಕಿಗಳು ಗಾಳಿಯಲ್ಲಿ ಹೀಗೆ ನಿಲ್ಲಲಾರವು. ಕಣ್ಣಿಗೆ ಬರೀ ಹೊಗೆ ಕಾಣುವುದು ಕಣ್ಣಿನ ಮಿತಿ, ರೆಕ್ಕೆಯ ಗುಣವಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡ ಬ್ಯಾಕ್ಟೀರಿಯಾವನ್ನು ಸುಳ್ಳೆನ್ನದವರು ಇದನ್ನು ಸುಳ್ಳೆನ್ನುವಂತಿಲ್ಲ.

ಬಣ್ಣದ ವಿಷಯ ಇಷ್ಟು ಸುಲಭವಲ್ಲ, ಮತ್ತು ಇದು ನನ್ನ ಹೊಟ್ಟೆಪಾಡಿನ ವಿಷಯವಾದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ಹಮ್ಮಿಂಗ್‌ಬರ್ಡಿನ ಕೊರಳಲ್ಲಿ ಕೆಂಪು ಬಣ್ಣದ ಪದಾರ್ಥವಿಲ್ಲ, ನೀಲಿಯದೂ ಇಲ್ಲ. ಗರಿಯ ಎಳೆಗಳೊಳಗೆ ಮೆಲನಿನ್‌ನ ಚಪ್ಪಟೆ ಬಿಲ್ಲೆಗಳು, ಒಳಗೆ ಗಾಳಿಯ ಗುಳ್ಳೆಗಳನ್ನಿಟ್ಟುಕೊಂಡು, ಪದರ ಪದರವಾಗಿ ಕೂತಿರುತ್ತವೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಆಡುವ ರೀತಿಯಲ್ಲೇ ಬೆಳಕು ಆ ಪದರಗಳಲ್ಲಿ ಸೇರಿ ಕಳೆದು ಒಂದು ದಿಕ್ಕಿಗೆ ಮಾತ್ರ ಬಣ್ಣವಾಗಿ ಹೊರಬರುತ್ತದೆ. ಬದಿಯಿಂದ ನೋಡಿದರೆ ಕೊರಳು ಕಪ್ಪು. ಹಕ್ಕಿ ನಿಮ್ಮ ಕಡೆ ತಿರುಗಿದ ಒಂದು ಗಳಿಗೆ ಕಿಡಿ ಹಾರಿ, ಮತ್ತೆ ಕಪ್ಪು. ಆನಾಸ್ ಹಮ್ಮಿಂಗ್‌ಬರ್ಡಿನ ಗಂಡು ಹೆಣ್ಣಿನ ಮುಂದೆ ಆಕಾಶದಿಂದ ಧುಮುಕುವಾಗ ಸೂರ್ಯನಿಗೆ ಮುಖಮಾಡಿ ಧುಮುಕುತ್ತದೆ. ಕೊರಳ ಮಿಂಚು ಆ ಹೆಣ್ಣಿನ ಕಣ್ಣಿಗೆ ಬೀಳಬೇಕು. ಧುಮುಕುವ ವೇಗ ಸೆಕೆಂಡಿಗೆ ತನ್ನ ಮೈಯುದ್ದದ 385 ಪಟ್ಟು ಎಂದು ಅಳೆದಿದ್ದಾರೆ. ಕೆಳಗೆ ಬಂದು ಮೇಲೇಳುವ ತಿರುವಿನಲ್ಲಿ ಬಾಲದ ಗರಿಗಳು ಗಾಳಿಗೆ ಕಂಪಿಸಿ ಚಿಕ್ಕದೊಂದು ಶಿಳ್ಳೆ ಹೊಡೆಯುತ್ತವೆ.

ಅಂದರೆ ಆ ಬಣ್ಣ ವಿಳಾಸ ಬರೆದ ಕಾಗದ. ಒಬ್ಬರಿಗೆ, ಒಂದು ಗಳಿಗೆಗೆ. ಐದು ಕಡೆಯಿಂದ ಐದು ಫ್ಲಾಶ್ ಇಟ್ಟಾಗ ಕೊರಳಿಗೆ ಕೊರಳೇ ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಪ್ರತಿ ಗರಿಯೂ ನಿಜ, ಪ್ರತಿ ಬಣ್ಣವೂ ನಿಜ, ಆದರೆ ಹಾಗೆ ಒಟ್ಟಿಗೆ ಅದು ಕಾಡಿನಲ್ಲಿ ಯಾರಿಗೂ, ಹೆಣ್ಣು ಹಕ್ಕಿಗೂ, ಕಾಣುವುದಿಲ್ಲ. ಹಕ್ಕಿಯ ಕಣ್ಣಿಗೋ ನಮಗಿಂತ ಒಂದು ಬಗೆಯ ವರ್ಣಕೋಶ ಹೆಚ್ಚಿದೆ. ನೇರಳಾತೀತ ಕಿರಣವೂ ಸೇರಿದ ಬಣ್ಣಗಳನ್ನು ಅವು ಗುರುತಿಸಬಲ್ಲವೆಂದು ಕೊಲೊರಾಡೊದ ಬೆಟ್ಟಗಳಲ್ಲಿ ನಡೆಸಿದ ಪ್ರಯೋಗಗಳು ತೋರಿಸಿವೆ. ಹಾಗೆ ನೋಡಿದರೆ ಕಪ್ಪುಚುಕ್ಕೆಯ ನನ್ನ ಚಿತ್ರವೂ ಮೇಷ್ಟ್ರ ಚಿತ್ರದಷ್ಟೇ ಅಪೂರ್ಣ. 'ಇದ್ದದ್ದು ಇದ್ದ ಹಾಗೆ' ಎಂಬ ಅಳತೆಗೋಲಿನಿಂದ ಈ ಎರಡರಲ್ಲಿ ಒಂದನ್ನು ಆರಿಸಲಾಗದು. ಬೇರೆ ಅಳತೆಗೋಲು ಬೇಕು.

ಜಾನ್ ಗೌಲ್ಡ್ ಎಂಬ ಇಂಗ್ಲಿಷ್ ಪಕ್ಷಿಶಾಸ್ತ್ರಜ್ಞನ ಕಥೆ ಇಲ್ಲಿ ನೆನಪಾಗುತ್ತದೆ. 1851ರಲ್ಲಿ ಲಂಡನ್ನಿನ ಮೃಗಾಲಯದ ತೋಟದಲ್ಲಿ ಆತ ಗಾಜಿನ ಪೆಟ್ಟಿಗೆಗಳಲ್ಲಿ ಸಾವಿರಕ್ಕೂ ಹೆಚ್ಚು ಸತ್ತ ಹಮ್ಮಿಂಗ್‌ಬರ್ಡ್‌ಗಳನ್ನು ಹಾರುವ ಭಂಗಿಯಲ್ಲಿ ನಿಲ್ಲಿಸಿ ಪ್ರದರ್ಶನ ಮಾಡಿದ. ವಿಕ್ಟೋರಿಯಾ ರಾಣಿಯೂ ಬಂದು ನೋಡಿದಳು. ಆತನ ಮಹಾಗ್ರಂಥದ ಚಿತ್ರಗಳಲ್ಲಿ ಕೊರಳ ಹೊಳಪಿಗಾಗಿ ಚಿನ್ನದ ರೇಕಿನ ಮೇಲೆ ಬಣ್ಣ ಹಚ್ಚಿದ್ದರು. ಅಷ್ಟೆಲ್ಲ ಮಾಡಿದ ಗೌಲ್ಡ್ ಜೀವಂತ ಹಮ್ಮಿಂಗ್‌ಬರ್ಡನ್ನು ಮೊದಲ ಬಾರಿಗೆ ಕಂಡದ್ದು 1857ರಲ್ಲಿ, ಫಿಲಡೆಲ್ಫಿಯಾದ ಒಂದು ತೋಟದಲ್ಲಿ! ಆದರೂ ಆತನನ್ನು ಯಾರೂ ಸುಳ್ಳುಗಾರನೆನ್ನಲಿಲ್ಲ. ಪೆಟ್ಟಿಗೆಯೊಳಗಿನದು ಸತ್ತ ಹಕ್ಕಿ, ಪುಟದ ಮೇಲಿನದು ಕೈಯಲ್ಲಿ ಬರೆದ ಚಿತ್ರ ಎಂದು ನೋಡುವವರಿಗೆಲ್ಲ ಗೊತ್ತಿತ್ತು. (ಹಕ್ಕಿಗಳನ್ನು ಅಷ್ಟು ಸಂಖ್ಯೆಯಲ್ಲಿ ಕೊಂದ ಪಾಪದ ಲೆಕ್ಕ ಬೇರೆ. ಅದೇ ಶತಮಾನದಲ್ಲಿ ಹೆಂಗಸರ ಟೋಪಿಗಳಿಗಾಗಿ ಲಂಡನ್ನಿನ ಹರಾಜುಗಳಲ್ಲಿ ಬಿಕರಿಯಾದ ಹಮ್ಮಿಂಗ್‌ಬರ್ಡ್ ಚರ್ಮಗಳ ಮುಂದೆ ಗೌಲ್ಡ್‌ನ ಪೆಟ್ಟಿಗೆಗಳು ಏನೂ ಅಲ್ಲ.)

ಸಾಗರದ ಶಾಲೆಯ ಮಕ್ಕಳು ಈ ಎಲ್ಲವನ್ನೂ ನನಗಿಂತ ಬೇಗ ಹಿಡಿದರು. ಗೋಡೆಪತ್ರಿಕೆ ನೋಡಿ ಒಬ್ಬ ಕೇಳಿದನಂತೆ: "ರೆಕ್ಕೆ ಬಡೀದೆ ನಿಂತೈತಲ್ಲ ಮಿಸ್, ಬೀಳಲ್ವಾ?" ಇನ್ನೊಬ್ಬಳ ಪ್ರಶ್ನೆ ಇನ್ನೂ ಚೂಪು: "ಕಾಡು ಅಂದ್ರೆ ಒಂದು ಎಲೆನಾದ್ರೂ ಕಾಣ್ಬೇಕಲ್ಲ?" ಮಲೆನಾಡಿನ ಮಗು, ಕಾಡನ್ನು ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಗೆಳತಿ ಆಗ ನನ್ನ ಉದ್ದದ ಟಿಪ್ಪಣಿಯನ್ನು ತೆಗೆದು ಓದಿದಳು. ಕೇಳಿದ ಹುಡುಗನೊಬ್ಬ, "ಹಂಗಾದ್ರೆ ಇದು ಸ್ಟುಡಿಯೋ ಫೋಟೋ," ಅಂದ.

ಎಷ್ಟು ಸರಿಯಾದ ಮಾತು! ನಮ್ಮಜ್ಜಿಯ ಮದುವೆಯಾದ ಹೊಸತರ ಫೋಟೋ ತಿಪಟೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಅರಮನೆಯ ಮೆಟ್ಟಿಲು, ಕೊಳ, ಕೊಳದಲ್ಲಿ ಹಂಸ, ಎಲ್ಲ ಬಟ್ಟೆಯ ಮೇಲೆ ಬರೆದದ್ದು. ಅಜ್ಜಿ ಅರಮನೆಗೆ ಹೋಗಿದ್ದಳೆಂದು ಮನೆಯಲ್ಲಿ ಯಾರೂ ನಂಬಲಿಲ್ಲ, ಯಾರೂ ಮೋಸವೆಂದು ಕೂಗಲೂ ಇಲ್ಲ. ತೆಗೆದವರಿಗೂ ನೋಡುವವರಿಗೂ ನಡುವೆ ಒಂದು ಒಪ್ಪಂದವಿತ್ತು. ಹಸಿರು ಹಲಗೆಯ ಮುಂದಿನ ಹಕ್ಕಿಯ ಚಿತ್ರದಲ್ಲಿ ಆ ಒಪ್ಪಂದದ ಒಂದು ಕಡೆಯವರಿಗೆ ಮಾತ್ರ ವಿಷಯ ಗೊತ್ತಿದೆ.

ನಮ್ಮ ನೈಯಾಯಿಕರು ಜ್ಞಾನ ಬರುವ ದಾರಿಗಳನ್ನು ನಾಲ್ಕಾಗಿ ಎಣಿಸಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಉಪಮಾನಕ್ಕೆ ಅವರು ಕೊಡುವ ಉದಾಹರಣೆ ಸೊಗಸಾದದ್ದು. ಊರಿನವನಿಗೆ ಕಾಡಿನವನು, ಗವಯವೆಂಬ ಮೃಗ ಹಸುವಿನಂತಿರುತ್ತದೆ ಎಂದು ಹೇಳಿರುತ್ತಾನೆ. ಮುಂದೊಂದು ದಿನ ಕಾಡಿನಲ್ಲಿ ಹಸುವಿನಂಥದ್ದೊಂದು ಎದುರಾದಾಗ ಊರಿನವನಿಗೆ ಇದೇ ಗವಯ ಎಂದು ಹೊಳೆಯುತ್ತದೆ. ಟೂಸಾನಿಗೆ ಬಂದ ಹೊಸತರಲ್ಲಿ ನಾನು ಹಮ್ಮಿಂಗ್‌ಬರ್ಡನ್ನು ಗುರುತಿಸಿದ್ದು ಹೀಗೆಯೇ, ಊರಿನ ದಾಸವಾಳಕ್ಕೆ ಬರುವ ಸೂರಕ್ಕಿಯ ಹೋಲಿಕೆಯಿಂದ. (ಹೋಲಿಕೆ ಮೇಲುಮೇಲಿನದು. ಸೂರಕ್ಕಿ ಹೆಚ್ಚಾಗಿ ಕೂತು ಮಕರಂದ ಹೀರುತ್ತದೆ. ವಂಶದ ಲೆಕ್ಕದಲ್ಲಿ ಹಮ್ಮಿಂಗ್‌ಬರ್ಡ್ ನಮ್ಮ ಬಾನಾಡಿಗಳ ನೆಂಟ.) ಛಾಯಾಚಿತ್ರವನ್ನು ನಾವು ಯೋಚಿಸದೆ ಪ್ರತ್ಯಕ್ಷದ ಖಾತೆಗೆ ಹಾಕಿಬಿಡುತ್ತೇವೆ: ಕಣ್ಣಾರೆ ಕಂಡೆ, ಫೋಟೋದಲ್ಲಿ ಇತ್ತು. ನನಗನಿಸುವಂತೆ ಅದರ ಜಾಗ ನಾಲ್ಕನೆಯ ಖಾತೆಯಲ್ಲಿ. ಚಿತ್ರ ನೋಡುವಾಗ ನನ್ನ ಕಣ್ಣಿಗೆ ಪ್ರತ್ಯಕ್ಷವಾಗಿರುವುದು ಹಾಳೆ ಅಥವಾ ಪರದೆ. ಆ ಹಕ್ಕಿ, ಆ ಕಾಡು, ಆ ಗಳಿಗೆ ಇವೆಲ್ಲವನ್ನೂ ನಾನು ನಂಬುವುದು ತೆಗೆದವರ ಮಾತಿನ ಮೇಲೆ. ಅವರು ಬಾಯಿ ಬಿಡದಿದ್ದರೂ ಕ್ಯಾಮೆರಾ ಅವರ ಪರವಾಗಿ 'ನಾನಲ್ಲಿದ್ದೆ, ಹೀಗಿತ್ತು' ಎಂದು ಹೇಳಿರುತ್ತದೆ.

ಶಬ್ದ ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು. ಆಪ್ತನೆಂದರೆ ವಿಷಯವನ್ನು ಇದ್ದ ಹಾಗೆ ಬಲ್ಲವನು, ಮತ್ತು ಬಲ್ಲ ಹಾಗೆಯೇ ಹೇಳಬಯಸುವವನು. ಭಾಷ್ಯ ಬರೆದ ವಾತ್ಸ್ಯಾಯನ ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಒಪ್ಪುತ್ತಾನೆ. ಹಾಗಾದರೆ ಅರಿಝೋನಾದ ನಿವೃತ್ತ ಮೇಷ್ಟ್ರಿಗೂ ಅದೇ. ಹಲಗೆ ಇಟ್ಟದ್ದು ತಪ್ಪಲ್ಲ, ಸಿರಿಂಜೂ ತಪ್ಪಲ್ಲ. ಚಿತ್ರದ ಕೆಳಗೆ 'ಕಾಡಿನಲ್ಲಿ' ಎಂದು ಬರೆದು ಹಲಗೆಯ ಬಗ್ಗೆ ಸುಮ್ಮನಿದ್ದರೆ, ಅಲ್ಲಿ ಆಪ್ತತೆ ಮುರಿಯುತ್ತದೆ. ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ನಕ್ಕು, "ನನ್ನ ಹಿತ್ತಿಲಲ್ಲಿ ಅಂತ ಬರೆದರೆ ಯಾರು ನೋಡುತ್ತಾರೆ?" ಎಂದರು. ಆಮೇಲೆ ಎರಡು ದಿನ ಬಿಟ್ಟು ಅವರೇ ತಮ್ಮ ಚಿತ್ರಗಳ ಕೆಳಗೆ ಒಂದು ಸಾಲು ಸೇರಿಸಿದರು: ಫೀಡರ್, ಐದು ಫ್ಲಾಶ್, ಮುದ್ರಿತ ಹಿನ್ನೆಲೆ. ಅಷ್ಟಕ್ಕೇ ಚಿತ್ರದ ಅಂದವೇನೂ ಕೆಡಲಿಲ್ಲ.

ಅಲ್ಲದೆ 'ಕಾಡಿನ ಹಕ್ಕಿ' ಎಂಬ ಮಾತೇ ಇಲ್ಲಿ ಸಡಿಲ. ಆನಾಸ್ ಹಮ್ಮಿಂಗ್‌ಬರ್ಡ್ ಒಂದು ಕಾಲಕ್ಕೆ ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಅದರ ಕೆಳಗಿನ ಮೆಕ್ಸಿಕೋದಲ್ಲಿ ಮರಿಮಾಡುತ್ತಿದ್ದ ಹಕ್ಕಿ. ಜನ ನೆಟ್ಟ ಹೂದೋಟಗಳನ್ನೂ ತೂಗುಹಾಕಿದ ಫೀಡರ್‌ಗಳನ್ನೂ ಹಿಡಿದು ಕಳೆದ ಶತಮಾನದಲ್ಲಿ ಅದು ಕೆನಡಾದವರೆಗೆ ಹೋಗಿದೆ. ನಮ್ಮೂರಿನಿಂದ ದಕ್ಷಿಣಕ್ಕೆ ಪ್ಯಾಟಗೋನಿಯಾ ಎಂಬ ಪುಟ್ಟ ಊರಿನಲ್ಲಿ ಪ್ಯಾಟನ್ ದಂಪತಿ ತಮ್ಮ ಹಿತ್ತಿಲ ಬಾಗಿಲನ್ನು ಗುರುತಿಲ್ಲದವರಿಗೆಲ್ಲ ತೆರೆದಿಟ್ಟು, ಬೆಂಚು ಹಾಕಿ, ಹಕ್ಕಿ ತೋರಿಸುತ್ತಿದ್ದರು. ಬಂದವರು ಸಕ್ಕರೆಯ ಖರ್ಚಿಗೆಂದು ಡಬ್ಬಿಗೆ ಕಾಸು ಹಾಕುತ್ತಿದ್ದರು. ಅವರಿಬ್ಬರೂ ಹೋದ ಮೇಲೆ, 2014ರಿಂದ, ಆಗ ಟೂಸಾನ್ ಆಡುಬಾನ್ ಎಂಬ ಹೆಸರಿದ್ದ ಸಂಸ್ಥೆ ಅದನ್ನು ನಡೆಸುತ್ತಿದೆ. ನೇರಳೆ ನೆತ್ತಿಯ ಹಮ್ಮಿಂಗ್‌ಬರ್ಡನ್ನು ನೋಡಲೆಂದೇ ಜನ ದೇಶದ ಮೂಲೆಮೂಲೆಯಿಂದ ಬರುತ್ತಾರೆ. ಅಲ್ಲಿಯ ಹಕ್ಕಿ ಕಾಡಿನದೋ ಹಿತ್ತಿಲಿನದೋ? ಬಾ ಎಂದು ಕರೆದವರುಂಟು, ಕಟ್ಟಿ ಹಾಕಿದವರಿಲ್ಲ. ನನಗೆ ಅಷ್ಟು ಸಾಕು.

ಇನ್ನು ಹಿಂಸೆಯ ಪ್ರಶ್ನೆ. ಹಿತ್ತಿಲಿನ ಫ್ಲಾಶಿಗೆ ಹಕ್ಕಿಗಳು ಬೆಚ್ಚಿದ್ದನ್ನು ನಾನು ಕಾಣಲಿಲ್ಲ. ಮಿಂಚು ಹೊಡೆದು ಅರೆಗಳಿಗೆಯಲ್ಲಿ ಮತ್ತದೇ ಹೂವಿಗೆ ಬರುತ್ತಿದ್ದವು. ಗೂಡಿನ ವಿಷಯ ಹಾಗಲ್ಲ. ಈ ಹಕ್ಕಿಗಳಲ್ಲಿ ಗೂಡು ಕಟ್ಟಿ ಮರಿ ಸಾಕುವುದು ಹೆಣ್ಣೊಂದೇ. ಹಗಲಲ್ಲಿ ಅದರ ಹೃದಯ ನಿಮಿಷಕ್ಕೆ ಸಾವಿರ ಸಲ ಬಡಿಯುವುದುಂಟು. ಚಳಿಯ ರಾತ್ರಿಗಳಲ್ಲಿ ಕೆಲವು ಜಾತಿಗಳು ಮೈಯ ಬಿಸಿಯನ್ನೇ ಇಳಿಸಿ ಸತ್ತಂತೆ ಮಲಗುತ್ತವೆ. ಆಂಡೀಸ್ ಪರ್ವತದ ಒಂದು ಹಕ್ಕಿಯ ಮೈ 3.3 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗಾದದ್ದನ್ನು ಅಳೆದಿದ್ದಾರೆ. ಇಷ್ಟು ಬಿಗಿಯಾದ ಸಂಸಾರದಲ್ಲಿ ನಮ್ಮ ಅರ್ಧಗಂಟೆ ಅದಕ್ಕೆ ಎಷ್ಟಾದೀತು ಎಂದು ನಾವು ಲೆಕ್ಕ ಹಾಕುವುದಿಲ್ಲ. ಚಿತ್ರಕ್ಕೆ ಅಡ್ಡವಾದ ಎಲೆ ಸರಿಸಿದರೆ ಬಿಸಿಲು ಮರಿಯ ಮೇಲೆ ಬೀಳುತ್ತದೆ, ಬೇಟೆಗಾರ ಹಕ್ಕಿಗಳ ಕಣ್ಣೂ ಬೀಳುತ್ತದೆ. ನಮ್ಮ ದೇಶದಲ್ಲಿ ಹಿಂದೆ ಗೂಡಿನ ಚಿತ್ರ ತೆಗೆಯುವುದೇ ಪಕ್ಷಿ ಛಾಯಾಗ್ರಹಣದ ಹೆಗ್ಗಳಿಕೆಯಾಗಿತ್ತು. ಈಗ ಅನೇಕ ಸ್ಪರ್ಧೆಗಳು ಗೂಡಿನ ಚಿತ್ರವನ್ನು ಮುಟ್ಟುವುದೇ ಇಲ್ಲ. ಆ ಬದಲಾವಣೆ ಒಳ್ಳೆಯದೆಂದೇ ನನ್ನ ತೀರ್ಮಾನ.

ತೀರ್ಮಾನ ಸುಲಭ, ಗೆಳೆಯರ ಮುಂದೆ ಅದನ್ನು ಹಿಡಿದು ನಿಲ್ಲುವುದು ಕಷ್ಟ. ಈ ಫೆಬ್ರವರಿಯಲ್ಲಿ ನಾನಿರುವ ಕಟ್ಟಡದ ಹಿಂದಿನ ಮೆಸ್ಕೀಟ್ ಮರದಲ್ಲಿ ಆನಾಸ್ ಹಮ್ಮಿಂಗ್‌ಬರ್ಡ್ ಗೂಡು ಕಟ್ಟಿತು. ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಅಗಲ, ಜೇಡರ ಬಲೆಯ ಎಳೆಯಲ್ಲಿ ನೇಯ್ದು, ಹೊರಗೆ ಕಲ್ಲುಹೂವಿನ ಚೂರು ಅಂಟಿಸಿದ್ದು. ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಮೇಷ್ಟ್ರು ಒಂದು ದಿನ ನೇರವಾಗಿ ಕೇಳಿದರು, ನಿನ್ನ ಕಡೆ ಎಲ್ಲಾದರೂ ಗೂಡು ಕಂಡಿತೇ ಎಂದು. ಕಂಡಿದೆ, ಎಲ್ಲಿ ಅಂತ ಹೇಳುವುದಿಲ್ಲ ಎಂದೆ.

ಅವರಿಗೆ ನೋವಾಯಿತು. ಎಲೆ ಮುಟ್ಟುವುದಿಲ್ಲ, ಫ್ಲಾಶ್ ಹಾಕುವುದಿಲ್ಲ, ದೂರದಿಂದ ತೆಗೆಯುತ್ತೇನೆ ಎಂದರು. ನಾನು ಜಗ್ಗಲಿಲ್ಲ. ಆಗ ಅವರು ಹೇಳಿದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ. ಎಲ್ಲವನ್ನೂ ಚಿತ್ರದ ಕೆಳಗೆ ಬರೆಯಬೇಕೆಂದು ನನಗೆ ಪಾಠ ಹೇಳಿದವಳು ನೀನು. ಈಗ ಆ ಗೂಡನ್ನು ನೀನೊಬ್ಬಳೇ ದಿನಾ ನೋಡುತ್ತಿದ್ದೀಯ. ಕ್ಯಾಮೆರಾ ಇಲ್ಲದಿದ್ದರೆ ಅದು ಇಟ್ಟುಕೊಂಡ ಹಾಗಲ್ಲವೇ? ಮುಚ್ಚಿಡುವುದಕ್ಕೂ ಸುಳ್ಳಿಗೂ ವ್ಯತ್ಯಾಸವಿದೆ, ಆಪ್ತನು ಸುಳ್ಳು ಹೇಳಬಾರದೇ ಹೊರತು ಎಲ್ಲವನ್ನೂ ಹೇಳಬೇಕೆಂದಿಲ್ಲ ಎಂದು ಉತ್ತರ ಕೊಟ್ಟೆ. ಅದು ಸರಿಯಾದ ಉತ್ತರವೇ. ಅವರ ಪ್ರಶ್ನೆ ಬೇರೆಯಾಗಿತ್ತು. ಕಿಟಕಿಯ ಬಳಿ ನಿಂತು ಪಾತ್ರೆ ತೊಳೆಯುತ್ತ, ಇದು ನನ್ನದು ಎಂಬಂತೆ ಆ ಗೂಡನ್ನು ನೋಡುತ್ತಿದ್ದೆನೇ? ಕೆಲವು ದಿನ ಹೌದೆನಿಸುತ್ತಿತ್ತು. ಗೂಡಿನ ಕಡೆ ಬೆನ್ನು ಮಾಡಿ ಪಾತ್ರೆ ತೊಳೆಯುವ ಉಪಾಯವನ್ನೂ ಮಾಡಿ ನೋಡಿದೆ, ನಲ್ಲಿ ಇರುವುದು ಕಿಟಕಿಯ ಕೆಳಗೇ.

ಮೊಟ್ಟೆಯೊಡೆದು ಮೂರು ವಾರಕ್ಕೆ ಎರಡೂ ಮರಿ ಹಾರಿದವು. ಮರಿಗಳು ಬೆಳೆದ ಹಾಗೆ ಜೇಡರ ಎಳೆ ಹಿಗ್ಗಿ ಗೂಡು ತಟ್ಟೆಯಂತೆ ಚಪ್ಪಟೆಯಾಗಿತ್ತು. ಒಂದು ವಾರ ಖಾಲಿ ಬಿಟ್ಟು, ತಾಯಿ ಮರಳಿಲ್ಲವೆಂದು ಖಾತ್ರಿಯಾದ ಮೇಲೆ ಮೇಷ್ಟ್ರಿಗೆ ಫೋನ್ ಮಾಡಿದೆ. ದೊಡ್ಡ ಲೆನ್ಸ್ ಹೊತ್ತು ಬಂದರು. ಅಂಗಳ ಚಿಕ್ಕದು, ಅಷ್ಟು ಹತ್ತಿರದಿಂದ ಆ ಲೆನ್ಸಿಗೆ ಫೋಕಸ್ ಸಿಗಲಿಲ್ಲ. ಕ್ಯಾಮೆರಾವನ್ನು ಕೆಳಗಿಟ್ಟು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಅಂಚಿನಲ್ಲಿ ಒಂದು ಕಡೆ ಎಳೆ ಕಿತ್ತುಹೋಗಿರುವುದನ್ನು ತೋರಿಸಿ, ಬೇರೆ ಯಾವುದೋ ಹಕ್ಕಿ ತನ್ನ ಗೂಡಿಗೆ ಇದನ್ನು ಒಯ್ಯಲು ಶುರುಮಾಡಿದೆ ಎಂದರು. ಆಮೇಲೆ ಚಹಾ ಕುಡಿಯುತ್ತ, ಮುಂದಿನ ವರ್ಷ ಮತ್ತೆ ಇದೇ ಮರಕ್ಕೆ ಬಂದರೆ ಹೇಳುತ್ತೀಯಾ ಎಂದು ಕೇಳಿದರು. ಇಲ್ಲ ಎಂದೆ.